ಈಚಲ ಪೊದೆಯಾಗಿ ನಿಂತವರು

ಸ್ವಾತಿ ಮಳೆ ಮುಗಿದು ಹುಚ್ಚೆಳ್ಳು ಹೊಲಗಳು ಹಳದಿ ಹೂ ಬಿಟ್ಟಿದ್ದವು. ಊರಿಗೆ ಊರೇ ಕಡಲೆಕಾಯಿ ಕೀಳುವ ಕೆಲಸದಲ್ಲಿತ್ತು. ನಾನು ಹೊಲದಿಂದ ಹೊತ್ತು ತಂದ ಗಿಡಗಳನ್ನು ಹಿತ್ತಿಲಲ್ಲಿ ಹರವಿಕೊಂಡು ಕಾಯಿ ಬಿಡಿಸುತ್ತಿದ್ದೆ. ಬೆರಳ ಸಂದಿಗೆಲ್ಲ ಹಸಿಮಣ್ಣು ಮೆತ್ತಿತ್ತು. ಕೊಟ್ಟಿಗೆಯಲ್ಲಿ ನಮ್ಮ ಗಬ್ಬದ ಹಸು ಗೋಡೆ ನೆಕ್ಕುವ ಸದ್ದು ಬೆಳಗಿನಿಂದ ನಿಂತಿರಲಿಲ್ಲ. ಅಷ್ಟರಲ್ಲಿ ಕೊಟ್ಟಿಗೆಯ ಹಿಂದುಗಡೆಯಿಂದ ಯಾರೋ ಬಂದ ಹಾಗಾಯಿತು. ನೋಡಿದರೆ ಚೌಡಕ್ಕ. ಅವಳ ಮನೆ ನಮ್ಮ ಮನೆಯ ಎದುರಿಗೇ ಇದೆ. ಬೀದಿ ದಾಟಿದರೆ ನಮ್ಮ ಬಾಗಿಲು. ಅದನ್ನು ಬಿಟ್ಟು ಓಬಳಯ್ಯನ ಹುಲ್ಲಿನ ಬಣವೆ ಬಳಸಿ, ನಮ್ಮ ತಿಪ್ಪೆ ದಾಟಿ, ಕೊಟ್ಟಿಗೆ ಸುತ್ತಿ ಹಿತ್ತಿಲಿಗೆ ಬಂದಿದ್ದಳು.

"ಯಾಕಕ್ಕ, ಈ ದಾರೀಲಿ?" ಅಂದೆ.

"ನಿಮ್ಮೆಜಮಾನ್ರು ಒಳಗವರಾ?"

"ಹೊಲದಲ್ಲವ್ರೆ. ನೀನೇನು ಕಳ್ತನಕ್ಕೆ ಬಂದೋಳಂಗೆ ಆಡ್ತೀಯ?"

ಅವಳು ಸೆರಗು ಸರಿಸಿದಳು. ಒಳಗೊಂದು ಕಂಚಿನ ಬಟ್ಟಲು ಇತ್ತು. ಬರಿದು. "ಪುಟ್ಟೀರಿ ಮಗಳು ಹೆತ್ತವಳೆ ಕಣಮ್ಮಿ. ಬಾಣಂತಿ ಸಾರಿಗೆ ಉಪ್ಪು ಅಂತ ಪುಟ್ಟೀರಿ ಬಾಗಿಲಲ್ಲಿ ಬಂದು ನಿಂತವ್ಳೆ. ಇಲ್ಲ ಅಂತ ಹೆಂಗನ್ಲಿ?"

ಕಾಯಿ ಬಿಡಿಸುತ್ತಿದ್ದ ನನ್ನ ಕೈ ಹಾಗೇ ನಿಂತುಬಿಟ್ಟಿತು. ಇಡೀ ಕೇರಿಗೆ ಉಪ್ಪು ಅಳೆಯುವವಳು ಚೌಡಕ್ಕ. ಅವಳು ಬಟ್ಟಲು ಹಿಡಿದು ಇನ್ನೊಬ್ಬರ ಹಿತ್ತಿಲಿಗೆ ಬಂದದ್ದನ್ನು ನಾನು ಮದುವೆಯಾಗಿ ಬಂದಂದಿನಿಂದ ಕಂಡಿರಲಿಲ್ಲ.

ನಮ್ಮ ಊರಿಗೆ ಉಪ್ಪು ಬರುವುದು ಗೊದ್ದಗಳ ಬಾಯಲ್ಲಿ, ದೊಡ್ಡ ಕರಿ ಇರುವೆಗಳ ಬಾಯಲ್ಲಿ. ಊರಾಚೆಯ ತಗ್ಗಿನಲ್ಲಿ ಮಳೆಗಾಲ ಕಳೆದ ಮೇಲೆ ನೆಲ ಬೆವೆತು ಬಿಳಿ ಚವುಳು ಮೇಲೇಳುತ್ತದೆ. ಅದನ್ನು ನಾವು ಕೈಯಲ್ಲಿ ಬಾಚಿ ತಂದರೆ ಬರೀ ಕಹಿ ಮಣ್ಣು. ಅದೇ ಹರಳನ್ನು ಒಂದು ಕರಿ ಗೊದ್ದ ಕಚ್ಚಿಕೊಂಡು ಬಂದು ಗೂಡಿನ ಬಾಯಿಗೆ ಹಾಕಿದರೆ ಅದು ಉಪ್ಪು. ಪರವೂರಿನ ಸಂತೆಯಲ್ಲಿ ಕೊಂಡ ಉಪ್ಪು ನಮ್ಮ ಗಡಿಕಲ್ಲು ದಾಟುವಷ್ಟರಲ್ಲಿ ಚೀಲದಲ್ಲೇ ನೀರಾಗಿರುತ್ತದೆ. ಹಾಗಾಗಿ ಕೇರಿಗೊಂದು ಗೂಡು, ಗೂಡಿಗೊಂದು ಮನೆ. ನಮ್ಮ ಕೇರಿಯ ಗೂಡು ಚೌಡಕ್ಕನ ಅಂಗಳದಲ್ಲಿ, ಗೋಡೆಯ ಬುಡದಲ್ಲಿದೆ. ಸಂಜೆಯಾದರೆ ಅವಳು ಕೋಳಿಪುಕ್ಕದಲ್ಲಿ ಗೂಡಿನ ಬಾಯಿಯ ಹರಳುಗಳನ್ನು ಮೆಲ್ಲಗೆ ಬಳಿದುಕೊಂಡು, ಗೊದ್ದಗಳ ಪಾಲು ಅಲ್ಲೇ ಬಿಟ್ಟು, ಮೇಲೊಂದು ಹಿಡಿ ರಾಗಿಹಿಟ್ಟು ಉದುರಿಸುತ್ತಾಳೆ. ವಾರಕ್ಕೊಮ್ಮೆ ಮನೆಗೊಂದು ಬಟ್ಟಲು. ಉಪ್ಪನ್ನು ಕೈಯಿಂದ ಕೈಗೆ ಕೊಡುವಂತಿಲ್ಲ, ಜಗಳ ಹುಟ್ಟುತ್ತದೆ. ಅವಳು ಜಗಲಿಯ ಮೇಲೆ ಇಡುತ್ತಾಳೆ, ನಾವು ತೆಗೆದುಕೊಳ್ಳುತ್ತೇವೆ. ಬಂದವರಿಗೆ ಇಲ್ಲ ಅನ್ನುವ ಮಾತು ಆ ಜಗಲಿಯಲ್ಲಿ ಹುಟ್ಟಬಾರದು.

ಈ ಸಲ ಚಿತ್ತೆ ಮಳೆಗೆ ಹಳ್ಳ ತಿರುಗಿ, ತಗ್ಗಿನ ಮೇಲೆ ಮೊಣಕಾಲುದ್ದ ಹೂಳು ಹಾಸಿ ಹೋಗಿತ್ತು. ಚವುಳು ಅಲ್ಲಿ ಏಳಲಿಲ್ಲ. ಅದು ಎದ್ದದ್ದು ಬಲಗಡೆ, ಆನೆಗುಂಡು ಅನ್ನುವ ಬಂಡೆಯ ಬುಡದಲ್ಲಿ. ನಮಗೆಲ್ಲ ಅದು ದೂರದಿಂದಲೇ ಸುಣ್ಣ ಚೆಲ್ಲಿದ ಹಾಗೆ ಕಾಣುತ್ತಿತ್ತು. ಗೊದ್ದಗಳಿಗೆ ಗೊತ್ತಿರಲಿಲ್ಲ. ಅವು ದಿನವೂ ತಮ್ಮ ದಾರಿ ಹಿಡಿದು ಹೂಳಿನ ತನಕ ಹೋಗಿ, ಬರಿಬಾಯಲ್ಲಿ ಹಿಂದಿರುಗುತ್ತಿದ್ದವು. ಕೇರಿಯ ಸಾರು ಸಪ್ಪೆಯಾಗಿ, ಮನೆಮನೆಯ ಮಡಕೆಯ ತಳ ಕಾಣಿಸಿತ್ತು.

ನಾನು ಒಳಗೆ ಹೋಗಿ, ಹಸು ಈದ ಮೇಲೆ ಕೊಡಲೆಂದು ಬೇರೆ ಇಟ್ಟಿದ್ದ ಉಪ್ಪಿನ ಮಡಕೆಯನ್ನು ಕೊಡವಿ ಬಟ್ಟಲು ತುಂಬಿದೆ. ತಂದು ಒರಳುಕಲ್ಲಿನ ಮೇಲೆ ಇಟ್ಟೆ. ಚೌಡಕ್ಕ ಅದನ್ನು ತೆಗೆದುಕೊಂಡು ಸೆರಗಿನಲ್ಲಿ ಮುಚ್ಚಿದಳು. "ಈ ಸಾಲ ನನ್ನ ಮೇಲಿರ್ಲಿ," ಅಂದಳು. ಬಂದ ದಾರಿಯಲ್ಲೇ, ಕೊಟ್ಟಿಗೆ ಸುತ್ತಿ ಹೋದಳು.

ಅಂದು ಸಂಜೆಯೇ ಕೇರಿಯವರು ನಮ್ಮ ಜಗಲಿಯಲ್ಲಿ ಸೇರಿದರು. ನಮ್ಮ ಯಜಮಾನರು ಗೂಳಪ್ಪನವರದು ಕೇರಿಯ ಹಿರೇತನ. ಬರುವ ಅಮಾವಾಸ್ಯೆಯೊಳಗೆ ಉಪ್ಪು ಬಾರದಿದ್ದರೆ ಗೂಡನ್ನು ಅಗೆದು, ತಾಯಿಗೊದ್ದ ಮೊಟ್ಟೆ ಮರಿ ಸಮೇತ ಮಂಕರಿಯಲ್ಲಿ ಹೊತ್ತುಕೊಂಡು ಹೋಗಿ ಆನೆಗುಂಡಿನ ಹತ್ತಿರದ ಓಬಳಯ್ಯನ ಹೊಲದಲ್ಲಿ ಇಳಿಸುವುದು ಎಂದು ಮಾತಾಯಿತು. ಅಗೆಯುವುದಾದರೆ ಗುದ್ದಲಿಯ ಮೊದಲ ಏಟು ಹಿರೇತನದವರದೇ ಆಗಬೇಕು. ಅದು ಹಳೆಯ ಕಟ್ಟು.

"ಮೂಡಲಕೇರಿಯೋರು ಹಿಂಗೇ ಅಗೆದ್ರಲ್ಲಪ್ಪ, ಗೂಡು ಉಳೀತಾ?" ಅಂದಳು ಚೌಡಕ್ಕ. ಅವಳು ಕಂಬಕ್ಕೆ ಒರಗಿ ನಿಂತಿದ್ದಳು. "ಮೂರ್ ತಲೆಮಾರಾಯ್ತು. ಇವತ್ತಿಗೂ ಅವ್ರು ಕಂಡೋರ ಬಾಗಿಲಿಗೆ ಉಪ್ಪಿಗೆ ಹೋಗ್ತಾರೆ."

"ಹಂಗಂತ ಕಾಯ್ತಾ ಕೂತ್ರೆ ದನಾ ಗೋಡೇನೆಲ್ಲ ತಿಂದಾಕ್ತವೆ," ಅಂದರು ನಮ್ಮವರು. "ನಂಗೇನು ನಿನ್ ಗೂಡು ಕೀಳೋ ಚಟನಾ ಚೌಡಕ್ಕ? ಬಂದ್ರೆ ಸಂತೋಷ."

ಓಬಳಯ್ಯ ವಯಸ್ಸಾದವನು, ಬಾಯಿ ಸುಮ್ಮನಿರದು. "ನನ್ ಹೆಂಡ್ತಿ ಸಾರಿಗೆ ಉಪ್ಪು ಇದ್ದಾಗ್ಲೂ ಹಿಂಗೇ ಇರ್ತಿತ್ತು. ನಂಗೇನ್ ವೆತ್ಯಾಸ ಗೊತ್ತಾಗ್ತಿಲ್ಲ," ಅಂದ. ಒಂದಿಬ್ಬರು ನಕ್ಕರು. ಚೌಡಕ್ಕ ನಗಲಿಲ್ಲ. ಅವಳಿಗೆ ಗಂಡ ಇಲ್ಲ, ಮಕ್ಕಳಿಲ್ಲ. ಅತ್ತೆಯಿಂದ ಅವಳಿಗೆ ಬಂದದ್ದು ಆ ಗೂಡು ಒಂದೇ.

ಮಾರನೆಯ ದಿನ ಅವಳು ನನ್ನನ್ನು ಕರೆದುಕೊಂಡು ಗೊದ್ದಗಳ ಹಿಂದೆ ಹೊರಟಳು. ಆ ದಾರಿಯಲ್ಲಿ ನಡೆಯುವುದಕ್ಕೆ ಒಂದು ಕ್ರಮವಿದೆ. ಮಗ್ಗುಲಲ್ಲಿ ನಡೆಯಬೇಕು, ನೆರಳು ಅವುಗಳ ಮೇಲೆ ಬೀಳಬಾರದು, ಕಲ್ಲು ಕದಲಿಸಬಾರದು, ಗಿಡ ಮುರಿಯಬಾರದು. ಗೊದ್ದಗಳು ಚೌಡಕ್ಕನ ಕಳ್ಳಿಬೇಲಿಯ ಗುಂಟ ಹೋಗಿ, ಒಡೆದ ಬಂಡೆಯನ್ನು ಎಡಕ್ಕೆ ಬಿಟ್ಟು, ಅರೆಗಲ್ಲಿನ ಬಿರುಕಿನಲ್ಲಿ ಬೆಳೆದ ಈಚಲ ಪೊದೆಯ ಬಳಿ ತಿರುಗಿ, ತಗ್ಗಿಗೆ ಇಳಿಯುತ್ತಿದ್ದವು. ಒಂದೊಂದೂ ಒಂಟಿಯಾಗಿ, ತಲೆ ಎತ್ತಿಕೊಂಡು, ನೆಂಟರ ಮನೆಗೆ ಹೊರಟ ಹೆಂಗಸಿನ ಹಾಗೆ ಬಿರಬಿರನೆ. ನೆಲ ಮೂಸಿಕೊಂಡು ಹೋಗುವ ಸಣ್ಣ ಇರುವೆಗಳ ಜಾತಿಯಲ್ಲ ಇವು. ಪೊದೆ ಎಲ್ಲಿದೆ, ಬಂಡೆಯ ನೆತ್ತಿ ಆಕಾಶಕ್ಕೆ ಹೇಗೆ ಕಾಣುತ್ತದೆ ಎಂಬುದನ್ನು ಕಣ್ಣಲ್ಲಿ ಇಟ್ಟುಕೊಂಡು ನಡೆಯುವಂಥವು.

ಹೂಳಿನ ಮೇಲೆ ಬಂದು ನಿಂತವು. ಇಲ್ಲಿರಬೇಕಾಗಿದ್ದದ್ದು ಇಲ್ಲ. ಒಂದು ಗೊದ್ದ ಅಲ್ಲಿಂದ ಸಣ್ಣದೊಂದು ಸುತ್ತು ಹಾಕಿ ಅದೇ ಜಾಗಕ್ಕೆ ಬಂತು. ಆಮೇಲೆ ಇನ್ನಷ್ಟು ದೊಡ್ಡ ಸುತ್ತು, ಮತ್ತೆ ಅಲ್ಲಿಗೇ. ಆಮೇಲೆ ಬೇರೊಂದು ದಿಕ್ಕಿಗೆ. ಕಳೆದ ಕಿವಿಯೋಲೆ ಹುಡುಕುವವರು ಬಿದ್ದಿರಬಹುದಾದ ಜಾಗವನ್ನು ಬಿಡದೆ ಸುತ್ತಮುತ್ತ ಕೈಯಾಡಿಸುವಂತೆ. ನಾವು ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದೆವು. ನನಗೆ ಕಾಲು ಜೋಮು ಹಿಡಿಯಿತು. ಗೊದ್ದಕ್ಕೆ ಬೇಸರವಾದಂತೆ ಕಾಣಲಿಲ್ಲ. ಸುತ್ತು ಹಿಗ್ಗುತ್ತಾ ಹಿಗ್ಗುತ್ತಾ ಅದು ಆನೆಗುಂಡಿನ ಕಡೆಗೆ ಹೋಯಿತು, ನಮ್ಮ ಕಣ್ಣಿಗೆ ಮರೆಯಾಯಿತು. ಎಷ್ಟೋ ಹೊತ್ತಿನ ಮೇಲೆ ಬಾಯಲ್ಲಿ ಬಿಳಿ ಹರಳು ಕಚ್ಚಿಕೊಂಡು ಮನೆಯ ದಿಕ್ಕಿಗೆ ಓಡಿಬಂತು.

ಚೌಡಕ್ಕ ನನ್ನ ತೋಳು ಹಿಡಿದುಕೊಂಡಳು.

ಅದು ಉಪ್ಪು ಇಳಿಸಿ ಮತ್ತೆ ಹೊರಟಾಗ ನೋಡಿದರೆ, ನೆಟ್ಟಗೆ ಆನೆಗುಂಡಿಗೆ ಹೋಗಲಿಲ್ಲ. ಹಳೆಯ ದಾರಿಯಲ್ಲೇ ಹೂಳಿನ ತನಕ ಹೋಗಿ, ಅಲ್ಲಿಂದ ಬಲಕ್ಕೆ ತಿರುಗಿತು. ಮೊಣಕೈ ಮಡಿಸಿದ ಹಾಗೆ. ಮರುದಿನ ಅಂಥವು ಐದಾರಾದವು, ಅದರ ಮರುದಿನ ಇನ್ನಷ್ಟು. ಎಲ್ಲವೂ ಆ ಮೊಣಕೈ ಸುತ್ತಿಕೊಂಡೇ ಹೋಗುತ್ತಿದ್ದವು.

"ಅಡ್ಡ ಹಾದ್ರೆ ಆಗಾಕಿಲ್ವಾ ಇವಕ್ಕೆ?" ಅಂದೆ.

"ಗೊತ್ತಿರೋ ದಾರಿ ತುದಿಗೆ ಹೊಸ ದಾರಿ ಗಂಟು ಹಾಕ್ಕೊಂತವೆ ಕಣಮ್ಮಿ. ನಿಧಾನಕ್ಕೆ ಮೂಲೆ ಕುಯ್ಕೊಂಡು ಕುಯ್ಕೊಂಡು ನೆಟ್ಟಗಾಗ್ತವೆ. ನಮ್ಮತ್ತೆ ಹೇಳೋಳು," ಅಂದಳು ಚೌಡಕ್ಕ. ಹೇಳುವಾಗ ಅವಳಿಗೆ ಧೈರ್ಯವಿತ್ತು.

ಆದರೆ ಗೂಡಿನ ಬಾಯಿಗೆ ಬೀಳುತ್ತಿದ್ದದ್ದು ದಿನಕ್ಕೊಂದು ಚಿಟಿಕೆ. ಬೀದಿಯಲ್ಲಿ ಹೋಗುವವರೆಲ್ಲ ಅವಳ ಅಂಗಳಕ್ಕೆ ಇಣುಕಿ, "ಏನಕ್ಕ, ನಿನ್ ಗೊದ್ದ ತೀರ್ಥಯಾತ್ರೆ ಮುಗಿಸ್ಕಂಡ್ ಬಂದ್ವಾ?" ಅನ್ನತೊಡಗಿದರು. ಅಮಾವಾಸ್ಯೆ ಹತ್ತಿರವಾಗುತ್ತಾ ಬಂತು. ಹತ್ತಿರವಾದಷ್ಟೂ ಅತ್ತೆಯ ಮಾತಿನ ಮೇಲಿದ್ದ ಅವಳ ನಂಬಿಕೆ ಸವೆಯಿತು. ಒಂದು ಮಧ್ಯಾಹ್ನ, ಕೇರಿಯೆಲ್ಲ ಹೊಲದಲ್ಲಿದ್ದಾಗ, ಚೌಡಕ್ಕ ಮಚ್ಚು ತೆಗೆದುಕೊಂಡು ಹೋಗಿ ಈಚಲ ಪೊದೆಯನ್ನು ಬುಡಸಮ ಕಡಿದುಬಿಟ್ಟಳು. ಹಳೆಯ ದಾರಿಯ ಗುರುತು ಅಳಿಸಿದರೆ ಗೊದ್ದಗಳು ಹಳೆಯದನ್ನು ಮರೆತು ಹೊಸದನ್ನು ಹಿಡಿದಾವು ಎಂದು ಅವಳ ಲೆಕ್ಕ. ಬೇಲಿಯಿಂದ ಆನೆಗುಂಡಿನವರೆಗೆ ಬೀಳುಭೂಮಿಯ ಮೇಲೆ ರಾಗಿಹಿಟ್ಟಿನ ಗೆರೆ ಎಳೆದು ಬಂದಳು.

ನಾನು ಹೊಲದಿಂದ ಬರುವಾಗ ಅರೆಗಲ್ಲಿನ ಮೇಲೆ ಅವಳು ಕೂತದ್ದು ಕಾಣಿಸಿತು. ಸುತ್ತ ಕಡಿದ ಗರಿಗಳು ಬಿದ್ದಿದ್ದವು. ಹತ್ತಿರ ಹೋದೆ. ಗೊದ್ದಗಳು ಪೊದೆಯಿದ್ದ ಜಾಗಕ್ಕೆ ಬಂದು ಅಲ್ಲೇ ಗಿರಕಿ ಹೊಡೆಯುತ್ತಿದ್ದವು. ಹೋಗುವವಕ್ಕೆ ಮುಂದಿನ ದಾರಿ ಗೊತ್ತಾಗುತ್ತಿಲ್ಲ, ಬರುವವಕ್ಕೆ ಮನೆ ಗೊತ್ತಾಗುತ್ತಿಲ್ಲ. ಸುತ್ತಿ ಸುತ್ತಿ ಸೋತವು ಕಚ್ಚಿದ ಹರಳನ್ನು ಕಲ್ಲ ಮೇಲೆ ಉದುರಿಸಿ ನಿಲ್ಲುತ್ತಿದ್ದವು. ಒಂದು ಹರಳನ್ನು ಎತ್ತಿ ನಾಲಿಗೆಗೆ ಇಟ್ಟೆ. ಕಹಿ. ಹಿಟ್ಟಿನ ಗೆರೆಯನ್ನು ಸಣ್ಣ ಕೆಂಪಿರುವೆಗಳು ಮುತ್ತಿಕೊಂಡಿದ್ದವು.

"ನನ್ ಕೈಯಾರೆ ಕೊಂದೆ ಕಣೆ," ಅಂದಳು ಚೌಡಕ್ಕ.

ನಾನು ಬಿದ್ದಿದ್ದ ಗರಿಗಳನ್ನು ಒಟ್ಟುಮಾಡಿ ಬಿರುಕಿಗೆ ಸಿಕ್ಕಿಸಲು ನೋಡಿದೆ. ಬಿರುಕಿನ ತುಂಬ ಕಡಿದ ಬೊಡ್ಡೆಗಳೇ ಇದ್ದವು, ಗರಿ ನಿಲ್ಲಲಿಲ್ಲ. ಅರೆಗಲ್ಲಿಗೆ ಗೂಟ ಇಳಿಯುವುದಿಲ್ಲ. ಕಲ್ಲು ಒಟ್ಟಿ ಆನಿಸಿದೆ, ಗಾಳಿಗೆ ಒರಗಿತು. ಕೊನೆಗೆ ಗರಿಗಳನ್ನು ತಬ್ಬಿಕೊಂಡು, ಪೊದೆ ಇದ್ದಷ್ಟು ಎತ್ತರಕ್ಕೆ ಎತ್ತಿ ಹಿಡಿದು, ಪೊದೆ ಇದ್ದ ಜಾಗದಲ್ಲೇ ನಾನು ನಿಂತೆ. ಉಪಾಯವೆಂದು ಮಾಡಿದ್ದಲ್ಲ. ಗರಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡಿದ್ದೆ, ಅಷ್ಟೆ.

"ಒಸಿ ಎಡಕ್ಕೆ," ಅಂದಳು ಚೌಡಕ್ಕ, ಕೂತಲ್ಲಿಂದಲೇ. "ಇನ್ನೊಂಚೂರು ಎತ್ತು. ಆ ದೊಡ್ಡ ಗರಿ ತಗ್ಗಿನ ಕಡೆ ಬಾಗ್ಲಿ. ಹಂಗೇ ಇರು, ಅಲ್ಲಾಡ್‌ಬ್ಯಾಡ."

ಕಾಲ ಬಳಿ ಗಿರಕಿ ಹೊಡೆಯುತ್ತಿದ್ದ ಒಂದು ಗೊದ್ದ ನಿಂತು ತಲೆ ಎತ್ತಿತು. ಮೀಸೆ ಆಡಿಸಿತು. ನನ್ನ ಹೆಬ್ಬೆರಳ ಮಗ್ಗುಲಲ್ಲೇ ಹಾದು ಕಳ್ಳಿಬೇಲಿಯ ಕಡೆಗೆ, ಮನೆಯ ಕಡೆಗೆ, ನೆಟ್ಟಗೆ ಓಡಿತು. ಅದರ ಹಿಂದೆ ಇನ್ನೊಂದು.

ಹೊತ್ತು ಮುಳುಗುವವರೆಗೆ ನಿಂತೆ. ಮರುದಿನ ಬಿಸಿಲೇರುವ ಮೊದಲೇ ಚೌಡಕ್ಕ ನಿಂತಳು. ಮಧ್ಯಾಹ್ನಕ್ಕೆ ಬಾಣಂತಿಯ ತಾಯಿ ಪುಟ್ಟೀರಿ ತಾನಾಗಿಯೇ ಬಂದು, "ತತ್ತಾ ಇಲ್ಲಿ," ಎಂದು ಗರಿ ಇಸಿದುಕೊಂಡಳು. ಹೀಗೆ ಕೇರಿಯ ಹೆಂಗಸರಲ್ಲಿ ಪಾಳಿ ಬಿತ್ತು. ಗರಿ ಒಣಗಿದರೆ ಹಳ್ಳದ ಕಡೆಯಿಂದ ಹೊಸದು ತರುತ್ತಿದ್ದೆವು. ಒಬ್ಬೊಬ್ಬರು ಒಂದೊಂದು ಎತ್ತರ. ಕುಳ್ಳಿಯರು ಕಲ್ಲಿನ ಮೇಲೆ ನಿಂತರು. ಓಬಳಯ್ಯ ಒಂದು ಮಧ್ಯಾಹ್ನ ನಿಂತ, ನಿಂತಷ್ಟು ಹೊತ್ತೂ ಮಾತಾಡಿದ. "ನನ್ ಹೆಂಡ್ತಿ ನಾನೊಂದು ಮರಾ ಅಂತ ಬಯ್ಯೋಳು. ಇವತ್ತು ಬಡ್ತಿ ಸಿಕ್ತು, ಪೊದೆ ಆದೆ," ಅಂದ. ಪೊದೆ ಹಿಡಿದವರು ನಗುವಂತಿಲ್ಲ, ಗರಿ ಅಲ್ಲಾಡುತ್ತದೆ. ಅವನೇ ನಕ್ಕು ನಾಲ್ಕು ಗೊದ್ದ ದಾರಿ ತಪ್ಪಿದವು.

ನಮ್ಮ ಯಜಮಾನರು ಆ ಕಡೆ ತಿರುಗಿ ನೋಡಲಿಲ್ಲ. "ಗುದ್ದಲಿ ಹಿಡಿಯೋನು ಗರೀನೂ ಹಿಡಿದ್ರೆ ಜನ ಏನಂದಾರು?" ಅಂದರು.

ನಿಂತವರಿಗೆಲ್ಲ ಒಂದು ಲಾಭವಾಯಿತು. ಬೇರೆ ಕೆಲಸವಿಲ್ಲದೆ, ಅಲುಗಾಡದೆ, ಅಷ್ಟು ಹೊತ್ತು ಕಾಲ ಬುಡ ನೋಡುತ್ತಾ ನಾವು ಯಾರೂ ಹಿಂದೆಂದೂ ನಿಂತಿರಲಿಲ್ಲ. ಹುಟ್ಟಿದಾಗಿನಿಂದ ಅವು ತಂದ ಉಪ್ಪು ತಿಂದಿದ್ದೆವು, ಅವುಗಳ ಮುಖ ನೋಡಿರಲಿಲ್ಲ. ಗೂಡಿನಿಂದ ಹೊಸದಾಗಿ ಹೊರಬಿದ್ದ ಎಳೆಯ ಗೊದ್ದಗಳಿದ್ದವು, ಮೈಬಣ್ಣ ಇನ್ನೂ ಕಂದು. ಅವು ಹಳೆಯ ತಗ್ಗನ್ನು ಕಂಡೇ ಇರಲಿಲ್ಲವಾದ್ದರಿಂದ ನಮ್ಮ ಪೊದೆಯ ತನಕ ಬರುತ್ತಲೇ ಇರಲಿಲ್ಲ. ಒಡೆದ ಬಂಡೆಯ ಹತ್ತಿರವೇ ಬಲಕ್ಕೆ ಹೊರಳಿ, ತಾವೇ ತಡವಿ ಕಂಡುಕೊಂಡ ದಾರಿಯಲ್ಲಿ ಆನೆಗುಂಡಿಗೆ ಹೋಗುತ್ತಿದ್ದವು. ಮುದಿ ಗೊದ್ದಗಳು ನಮ್ಮನ್ನು ಸುತ್ತಿಯೇ ಹೋಗುತ್ತಿದ್ದವು. ಅವೂ ಹೂಳಿನ ತುದಿ ಮುಟ್ಟುವುದನ್ನು ಬಿಟ್ಟವು, ಆಮೇಲೆ ಇಳಿಜಾರಿನಲ್ಲೇ ತಿರುಗಿದವು, ಆಮೇಲೆ ಪೊದೆಯಿಂದ ಹತ್ತು ಮಾರು ದಾಟಿ. ಮೊಣಕೈ ದಿನದಿಂದ ದಿನಕ್ಕೆ ಬಿಚ್ಚಿಕೊಳ್ಳುತ್ತಿತ್ತು. ಗೊತ್ತಿದ್ದದ್ದನ್ನು ಒಮ್ಮೆಲೇ ಎಸೆಯಲಿಲ್ಲ ಅವು. ಅದನ್ನೇ ಊರುಗೋಲು ಮಾಡಿಕೊಂಡು ಮುಂದಕ್ಕೆ ಕಾಲಿಟ್ಟವು. ಬುದ್ಧಿ ಎಂದರೆ ಇದೇ ಇರಬೇಕು ಎಂದು ನನಗೆ ಅನ್ನಿಸಿತು. ಅನ್ನಿಸಿದ್ದನ್ನು ಯಾರಿಗೂ ಹೇಳಲಿಲ್ಲ.

ಅಮಾವಾಸ್ಯೆಯ ದಿನ ಬೆಳಗಿನ ಪಾಳಿ ನನ್ನದಾಗಿತ್ತು. ಬಿಸಿಲು ಚುರುಕಾಗುವ ಹೊತ್ತಿಗೆ ನಮ್ಮ ಯಜಮಾನರು ಪಂಚೆ ಎತ್ತಿ ಕಟ್ಟಿಕೊಂಡು ಓಡಿಬಂದರು.

"ಏ ದ್ಯಾವಿ, ಹಸು ಈಯಕ್ಕೆ ಕೂತದೆ. ಕರಾ ಹಿಂಗಾಲ್ ಮುಂದಾಗಿ ಬತ್ತಾ ಐತೆ, ನಂಗ್ ಹಿಡಿಯಕ್ಕೆ ಬರಾಕಿಲ್ಲ. ನೀನೇ ಬಾ."

ನಾನು ಗರಿಯ ಕಟ್ಟನ್ನು ಅವರ ಕೈಗೆ ಕೊಟ್ಟೆ. "ಹಿಂಗೇ ಹಿಡ್ಕಳಿ. ದೊಡ್ಡ ಗರಿ ತಗ್ಗಿನ ಕಡೀಕೆ. ಅಲ್ಲಾಡ್‌ಬ್ಯಾಡಿ," ಎಂದು ಹೇಳಿ, ಅವರು ಉತ್ತರ ಕೊಡುವ ಮೊದಲೇ ಊರ ಕಡೆ ಓಡಿದೆ.

ಹಸು ಕಷ್ಟಪಟ್ಟು ಈದಿತು. ಹೆಣ್ಣು ಕರು. ನಾನು ಕೈ ತೊಳೆದು ಹೊರಗೆ ಬರುವಷ್ಟರಲ್ಲಿ ಬೀದಿಯಲ್ಲಿ ಗುದ್ದಲಿ, ಮಂಕರಿ ಹಿಡಿದು ಗಂಡಸರು ನಿಂತಿದ್ದರು. ಚೌಡಕ್ಕ ತನ್ನ ಬಾಗಿಲಲ್ಲಿ ಕೂತಿದ್ದಳು. ಅವಳ ಮುಂದೆ ಜಗಲಿಯ ಮೇಲೆ ಆ ಕಂಚಿನ ಬಟ್ಟಲಿತ್ತು, ಅಷ್ಟು ದಿನ ಕೂಡಿಟ್ಟ ಉಪ್ಪು ಅದರ ಅರ್ಧಕ್ಕೂ ಬಂದಿರಲಿಲ್ಲ.

"ಗೂಳಪ್ಪಣ್ಣ ಎಲ್ಲಿ? ಮೊದಲ್ ಏಟು ಹಾಕ್ಬೇಕಲ್ಲ," ಎಂದು ಒಬ್ಬ ಕೇಳಿದ.

"ಪೊದೆ ಆಗವ್ರೆ," ಅಂದೆ.

ಎಲ್ಲರೂ ಅರೆಗಲ್ಲಿನ ಕಡೆ ಹೊರಟರು, ನಾನೂ ಹೋದೆ. ನೆತ್ತಿಯ ಬಿಸಿಲಲ್ಲಿ ನಮ್ಮವರು ಗರಿ ಎತ್ತಿ ಹಿಡಿದು ನಿಂತಿದ್ದರು. ಬೆವರು ಹುಬ್ಬಿನಿಂದ ಮೂಗಿನ ತುದಿಗೆ ಬಂದು ತೊಟ್ಟಿಕ್ಕುತ್ತಿತ್ತು. ಒರೆಸಿಕೊಂಡಿರಲಿಲ್ಲ.

"ಬಾರಣ್ಣ, ಹೊತ್ತಾಯ್ತು," ಅಂದ ಗುದ್ದಲಿಯವನು.

"ಬಂದ್ರೆ ಇವು ದಾರಿ ತಪ್ತವೆ."

"ಹೆಂಗೂ ಅಗಿಯೋದೇ ಅಲ್ವಾ?"

ನಮ್ಮವರು ಕತ್ತು ತಿರುಗಿಸದೆ ಮಾತಾಡಿದರು. "ಬೆಳಿಗ್ಗೆ ನಾನ್ ಬಂದಾಗ ನನ್ ಕಾಲ್ ಸುತ್ತಾಕ್ಕೊಂಡು ಹೋಗ್ತಿದ್ವು. ಒಂದು ಗೊದ್ದ, ಬಲಗಾಲ್ ಕುಂಟ್ತದೆ, ಅದನ್ನೇ ನೋಡ್ತಾ ಇದ್ದೆ. ಎರಡ್ ಸಲ ಇಲ್ಲಿಗ್ ಬಂತು. ಮೂರನೇ ಸಲ ಅಲ್ಲಿ, ಆ ಕಲ್ಲ ಹತ್ರ ನಿಂತ್ಕಂಡು ನನ್ ಕಡೆ ನೋಡ್ತು. ನೋಡಿ, ಅಲ್ಲಿಂದ್ಲೇ ಬಲಕ್ಕೆ ತಿರುಗ್ತು." ಅವರ ಕಣ್ಣು ಆ ಕಲ್ಲಿನ ಕಡೆಯೇ ಇತ್ತು. "ಬಾಯ್ ತುಂಬಾ ಉಪ್ಪು ಕಚ್ಕಂಡ್ ವಾಪಸ್ ಹೋಯ್ತು ಕಣ್ರೋ. ಕುಂಟ್ತಾನೇ."

ಗುದ್ದಲಿಯವನು ಬಗ್ಗಿ ತನ್ನ ಕಾಲ ಬುಡ ನೋಡಿಕೊಂಡ.

"ನಂಗೆ ಇವತ್ತು ಪುರಸೊತ್ತಿಲ್ಲ," ಅಂದರು. "ಮುಂದಿನ ಅಮಾವಾಸ್ಯೆಗೆ ನೋಡಾನ. ನಿಂತಿರೋರು ಯಾರಾರ ಒಬ್ರು ಬಂದು ನನ್ ಮೂಗು ಒರಸ್ರಿ."

ಓಬಳಯ್ಯ ಗುದ್ದಲಿ ಕೆಳಗಿಟ್ಟು, ಹೆಗಲ ವಸ್ತ್ರದಿಂದ ಅವರ ಮೂಗು ಒರೆಸಿದ.

ಮುಂದಿನ ಅಮಾವಾಸ್ಯೆ ಬರುವಷ್ಟರಲ್ಲಿ ಯಾರೂ ಗರಿ ಹಿಡಿಯಬೇಕಾಗಿರಲಿಲ್ಲ. ದಾರಿ ಬೀಳುಭೂಮಿಯ ಮೇಲೆ ನೆಟ್ಟಗೆ ಹಾಯುತ್ತಿತ್ತು, ಹಿಟ್ಟಿನ ಗೆರೆ ಎಳೆದಿದ್ದ ಜಾಗದಲ್ಲಲ್ಲ, ಅದರಿಂದ ಆಚೆ ಗೊದ್ದಗಳಿಗೆ ಬೇಕಾದ ಕಡೆ. ಈಚಲ ಬೊಡ್ಡೆಯ ಮಗ್ಗುಲಲ್ಲಿ ಹಸಿರು ಮೊಳೆ ಇಣುಕಿತ್ತು. ಹುಡುಕಿ ನೋಡಿದರೆ ಒಂದೋ ಎರಡೋ ಮುದಿ ಗೊದ್ದಗಳು ಈಗಲೂ ಅಲ್ಲಿಗೆ ಬಂದು, ಒಂದು ಗಳಿಗೆ ನಿಂತು, ಆಮೇಲೆ ಬಲಕ್ಕೆ ಹೊರಳುವುದು ಕಾಣುತ್ತಿತ್ತು. ನಮ್ಮವರು ಹೊಲಕ್ಕೆ ಹೋಗುವಾಗ ಅಲ್ಲೊಂದು ಚೂರು ನಿಂತೇ ಹೋಗುತ್ತಿದ್ದರು, ಕುಂಟು ಗೊದ್ದ ಕಂಡೀತೇ ಎಂದು.

ಮನೆಮನೆಗೆ ಉಪ್ಪು ಅಳೆದು ಮುಗಿದ ಸಂಜೆ ನಾನು ಕರುವನ್ನು ಕಟ್ಟುತ್ತಿದ್ದೆ. ಕೊಟ್ಟಿಗೆಯ ಹಿಂದಿನಿಂದ ಚೌಡಕ್ಕ ಬಂದಳು. ಈ ಸಲ ಸೆರಗು ಮುಚ್ಚಿರಲಿಲ್ಲ. ತುಂಬಿದ ಬಟ್ಟಲನ್ನು ಒರಳುಕಲ್ಲಿನ ಮೇಲೆ ಇಟ್ಟಳು. "ತೀರ್ತು ನೋಡಮ್ಮಿ," ಅಂದಳು.

ನಾನು ಬಟ್ಟಲೆತ್ತಿ ಅರ್ಧವನ್ನು ನಮ್ಮ ಮಡಕೆಗೆ ಸುರಿದುಕೊಂಡೆ. ಅದರಲ್ಲೇ ಒಂದು ಹಿಡಿ ಹಸುವಿನ ಮುಂದೆ ಹಿಡಿದೆ. ಅದು ಉಪ್ಪು ಮುಗಿದ ಮೇಲೂ ನನ್ನ ಅಂಗೈಯನ್ನು ಬಿಡದೆ ನೆಕ್ಕಿತು. ಉಳಿದರ್ಧವನ್ನು ಬಟ್ಟಲಲ್ಲೇ ಬಿಟ್ಟು, ಮತ್ತೆ ಒರಳುಕಲ್ಲಿನ ಮೇಲಿಟ್ಟೆ.

"ಇದ್ಯಾಕೆ?" ಅಂದಳು.

"ಅರ್ಧ ಸಾಲ ಹಂಗೇ ಇರ್ಲಿ, ಇನ್ನೊಂದಿನ ತಗೊಂಬಾ ಅಕ್ಕ."

ಚೌಡಕ್ಕ ನನ್ನ ಮುಖ ನೋಡಿದಳು. ಬಟ್ಟಲು ತೆಗೆದುಕೊಂಡು ಹೋದಳು. ಅಂದಿನಿಂದ ವಾರಕ್ಕೊಮ್ಮೆಯಾದರೂ ಬರುತ್ತಾಳೆ. ಬಟ್ಟಲನ್ನು ಕಲ್ಲಿನ ಮೇಲಿಟ್ಟು ಕೂತು, ಕಾಯಿ ಬಿಡಿಸುತ್ತಾಳೆ, ಕರುವಿನ ಕಿವಿಯಲ್ಲಿ ಉಣ್ಣೆಹುಳ ಹುಡುಕುತ್ತಾಳೆ, ಕತ್ತಲಾಗುವ ಹೊತ್ತಿಗೆ ಬಟ್ಟಲನ್ನು ಮರೆಯದೆ ತೆಗೆದುಕೊಂಡು ಹೋಗುತ್ತಾಳೆ. ನಮ್ಮ ಬಾಗಿಲು ಅವಳ ಬಾಗಿಲಿಗೆ ಎದುರಿಗೇ ಇದೆ, ದಿನವೆಲ್ಲ ತೆರೆದೇ ಇರುತ್ತದೆ. ಆದರೂ ಅವಳು ಬಣವೆ ಬಳಸಿ, ತಿಪ್ಪೆ ದಾಟಿ, ಕೊಟ್ಟಿಗೆ ಸುತ್ತಿಕೊಂಡು ಹಿತ್ತಿಲಿಂದಲೇ ಬರುತ್ತಾಳೆ. ಆ ಅರ್ಧ ಬಟ್ಟಲು ಇನ್ನೂ ಬಾಕಿ ಇದೆ.